ನಮ್ಮೂರಲ್ಲೇ ನಮ್ಮದೇ ಹನ್ನೆರಡು ಚಿತ್ರ: ಕಾರವಾರದಿಂದ ಶಿರಸಿವರೆಗೆ ಕ್ಯಾಮೆರಾ ಹಿಡಿದವರಿಗೆ ಸಮಗ್ರ ಮಾರ್ಗದರ್ಶಿ

ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತರೆ ಹತ್ತಾರು ಮೊಬೈಲು ಒಟ್ಟಿಗೆ ಪಡುವಣಕ್ಕೆ ಎದ್ದಿರುತ್ತವೆ. ಎಲ್ಲದರಲ್ಲೂ ಒಂದೇ ಚಿತ್ರ. ಆ ಫೋಟೋಗಳನ್ನು ಕಲಸಿ ಮುಂದಿಟ್ಟರೆ ಯಾವುದು ಯಾರದ್ದು ಎಂದು ತೆಗೆದವರಿಗೇ ಗೊತ್ತಾಗುವುದಿಲ್ಲ. ಶಿರಸಿ ಜಾತ್ರೆಯ ರಥ, ಯಾಣದ ಬಂಡೆ, ಮುರ್ಡೇಶ್ವರದ ಶಿವನ ಕಥೆಯೂ ಇದೇ. "ಕ್ಯಾಮೆರಾ ಚೆನ್ನಾಗಿದೆ, ಫೋಟೋನೂ ಚೆನ್ನಾಗಿ ಬರ್ತದೆ, ಆದ್ರೆ ನಂದು ಅಂತ ಅನ್ನಿಸೋದಿಲ್ಲ" ಎನ್ನುವವರೆಲ್ಲ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಸಿಕ್ಕಿದ್ದನ್ನೆಲ್ಲ ತೆಗೆಯುತ್ತಾರೆ, ಆಮೇಲೆ ಫಿಲ್ಟರ್ ಹಾಕುತ್ತಾರೆ, ಕೊನೆಗೆ ಅದಕ್ಕೊಂದು ಅರ್ಥ ಹುಡುಕುತ್ತಾರೆ. ಇದನ್ನು ಬುಡಮೇಲು ಮಾಡಬೇಕು: ಮೊದಲು ಹೇಳಬೇಕಾದ ಮಾತು, ಆಮೇಲೆ ಬೇಲಿ, ಆಮೇಲೆ ಬೆಳಕು, ಕ್ಯಾಮೆರಾ ಅದರ ನಂತರ.

ಗುರಿ ಹನ್ನೆರಡು ಚಿತ್ರಗಳ ಒಂದು ಸರಣಿ. ವಾರಕ್ಕೆ ಎರಡು ಸಲ, ಸಲಕ್ಕೊಂದು ಗಂಟೆಯಂತೆ ಎಂಟರಿಂದ ಹತ್ತು ವಾರ ಬೇಕು. ಒಂದು ಭಾನುವಾರದಲ್ಲಿ ಮುಗಿಸುತ್ತೇನೆ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು.

## ಬೇಕಾಗುವ ಸಾಮಾನು

ಮೊಬೈಲ್ ಸಾಕು. ಅದರಲ್ಲಿ ಬೆಳಕು, ಫೋಕಸ್ ನಾವೇ ಹೊಂದಿಸುವ 'ಪ್ರೊ' ಮೋಡ್ ಇದ್ದರೆ ಒಳ್ಳೆಯದು. ಕ್ಯಾಮೆರಾ ಇದ್ದವರು 35 ಅಥವಾ 50 ಮಿ.ಮೀ. ಲೆನ್ಸ್ ಒಂದನ್ನೇ ಹಾಕಿಕೊಳ್ಳಿ. ಜೂಮ್ ಲೆನ್ಸ್ ಇದ್ದರೆ 35ಕ್ಕೆ ತಿರುಗಿಸಿ ಟೇಪ್ ಅಂಟಿಸಿ. ಇದರ ಜೊತೆಗೆ ಟ್ರೈಪಾಡ್, ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್, ಧೂಳು ಊದುವ ರಬ್ಬರ್ ಬುರುಡೆ, ಎರಡು ಮೈಕ್ರೋಫೈಬರ್ ಬಟ್ಟೆ, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ, ಗಾಳಿಯಾಡದ ಮುಚ್ಚಳದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು 200 ಗ್ರಾಂ, ಒಂದು ಬಿಳಿ ಪಂಚೆ. ಪಂಚೆ ಯಾಕೆಂದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಡ್ರೋನ್ ಬೇಡ, ಹೊಸ ಲೆನ್ಸ್ ಬೇಡ. ಈ ಕೆಲಸ ಶುರುಮಾಡುವಾಗ ಹೊಸ ಸಾಮಾನು ಕೊಂಡವರು ಮೊದಲ ಮೂರು ವಾರ ಆ ಸಾಮಾನಿನ ಪರೀಕ್ಷೆಯಲ್ಲೇ ಕಳೆಯುತ್ತಾರೆ.

## ಹಂತ 1: ಒಂದು ವಾಕ್ಯ ಬರೆಯಿರಿ

ಕ್ಯಾಮೆರಾ ಮುಟ್ಟುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯ ಬರಬೇಕು. ಅದರಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು ಇರಬೇಕು, ಒಂದು ಜಾಗ ಇರಬೇಕು, ನಿಮಗೆ ಅದರ ಬಗ್ಗೆ ಒಂದು ತಕರಾರೋ ಮಮತೆಯೋ ಭಯವೋ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ವಾಕ್ಯ ನಿಲ್ಲುವುದಿಲ್ಲ.

'ಕರಾವಳಿಯ ಸೊಬಗು' ವಾಕ್ಯವೇ ಅಲ್ಲ, ಕ್ಯಾಲೆಂಡರಿನ ತಲೆಬರಹ. 'ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ಅಜ್ಜಿಯ ಮೆಟ್ಟುಗತ್ತಿ ಮೂಲೆ ಸೇರಿದೆ, ಅಜ್ಜಿಯೂ' ಎನ್ನುವುದು ವಾಕ್ಯ. 'ದಿನಾ ಕಾಳಿ ನದಿ ದಾಟುವ ನಾನು, 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಬಿದ್ದ ಮೇಲೆ ಕೆಳಗಿನ ನೀರು ನೋಡುವ ರೀತಿಯೇ ಬದಲಾಗಿದೆ' ಎನ್ನುವುದೂ ವಾಕ್ಯ. 'ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ನೀರಿಗಿಳಿಯದ 61 ದಿನ ನಮ್ಮ ಮನೆಯಲ್ಲಿ ಗಂಡಸರು ಏನು ಮಾಡುತ್ತಾರೆ' ಎನ್ನುವುದರಲ್ಲಂತೂ ಹನ್ನೆರಡಲ್ಲ, ಐವತ್ತು ಚಿತ್ರ ಇವೆ.

ವಾಕ್ಯ ಹೊಳೆಯದಿದ್ದರೆ ಮೊಬೈಲಿನ ಗ್ಯಾಲರಿಗೆ ಹೋಗಿ. ಎಲ್ಲಿಯೂ ಹಂಚಿಕೊಳ್ಳದೆ ಹಾಗೇ ಬಿಟ್ಟ ಕೊನೆಯ 200 ಫೋಟೋ ನೋಡಿ. ಯಾರಿಗೂ ತೋರಿಸಬೇಕೆಂದು ತೆಗೆಯದ ಚಿತ್ರಗಳವು. ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಬಚ್ಚಲೊಲೆಯ ಹೊಗೆ, ನಿದ್ದೆಹೋದ ಅಪ್ಪ, ಖಾಲಿ ಬಸ್‌ಸ್ಟ್ಯಾಂಡ್: ಯಾವುದು ನಾಲ್ಕೈದು ಸಲ ಮರಳಿ ಬಂದಿದೆಯೋ ನಿಮ್ಮ ವಿಷಯ ಅದರ ಹತ್ತಿರವೇ ಇದೆ.

ಸಾಮಾನ್ಯ ತಪ್ಪು: ಭಾರದ ಪದ ಹಿಡಿಯುವುದು. 'ಒಂಟಿತನ', 'ಕಾಲ', 'ಅಸ್ಮಿತೆ' ಎಂದು ಶುರುಮಾಡಿದವರು ಕೊನೆಗೆ ಬೋಳುಮರ ಮತ್ತು ಗಡಿಯಾರದ ಫೋಟೋ ತರುತ್ತಾರೆ. ವಸ್ತುವಿನಿಂದ ಹೊರಟರೆ ಆ ಪದಗಳು ಹಿಂದಿನಿಂದ ತಾವಾಗಿಯೇ ಬರುತ್ತವೆ.

## ಹಂತ 2: ಬೇಲಿ ಹಾಕಿಕೊಳ್ಳಿ

ಒಂದೇ ಲೆನ್ಸ್, ಮೊಬೈಲಾದರೆ ಜೂಮ್ ಇಲ್ಲದ 1ಎಕ್ಸ್ ಮಾತ್ರ. ಮನೆಯಿಂದ 20 ನಿಮಿಷದೊಳಗೆ ತಲುಪಬಹುದಾದ ಒಂದೇ ಜಾಗ. ಬಣ್ಣವೋ ಕಪ್ಪು-ಬಿಳುಪೋ, ಅಡ್ಡವೋ ಉದ್ದವೋ, ಮೊದಲೇ ತೀರ್ಮಾನಿಸಿ ವಾಕ್ಯದ ಕೆಳಗೆ ಬರೆಯಿರಿ. ಸರಣಿ ಮುಗಿಯುವವರೆಗೆ ಬದಲಿಸಬೇಡಿ.

20 ನಿಮಿಷ ಎನ್ನುವುದು ಸುಮ್ಮನೆ ಹೇಳಿದ್ದಲ್ಲ. ಶಿರಸಿಯವರು ಗೋಕರ್ಣದ ಮೇಲೆ ಸರಣಿ ಮಾಡಲು ಹೊರಟರೆ ಘಟ್ಟ ಇಳಿದು ಹತ್ತುವುದರಲ್ಲೇ ದಿನ ಹೋಗುತ್ತದೆ. ಎರಡು ಸಲ ಹೋಗಿ ಬಿಡುತ್ತಾರೆ. ಎರಡು ಸಲ ಹೋದ ಜಾಗದಲ್ಲಿ ಪ್ರವಾಸಿ ಕಂಡದ್ದೇ ನಿಮಗೂ ಕಾಣುತ್ತದೆ. ಐದಾರು ಸಲವಾದರೂ ಹೋದ ಮೇಲೆಯೇ ಸುಲಭದ ಚಿತ್ರಗಳು ಖರ್ಚಾಗಿ ಕಣ್ಣು ಬೇರೆ ಕಡೆ ತಿರುಗುವುದು.

## ಹಂತ 3: ಬೆಳಕಿನ ಲೆಕ್ಕ ಬರೆದಿಡಿ

ಮೊದಲ ಎರಡು ಭೇಟಿಯಲ್ಲಿ ಫೋಟೋ ತೆಗೆಯಬೇಡಿ. ಬೆಳಕು ಎಷ್ಟು ಗಂಟೆಗೆ ಎಲ್ಲಿ ಬೀಳುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಹೆಚ್ಚಿನವರು ಹಾರಿಸಿಬಿಡುವ ಹಂತ ಇದೇ.

ಕಡಲತೀರದಲ್ಲಿ. ನಮ್ಮ ಸಮುದ್ರ ಪಶ್ಚಿಮಕ್ಕಿದೆ, ಪೂರ್ವಕ್ಕೆ ಗುಡ್ಡ. ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ದಡಕ್ಕೆ ನೇರ ಬಿಸಿಲು ಬರುವುದಿಲ್ಲ. ಆ ಹೊತ್ತಿನ ಬೆಳಕು ಆಕಾಶದಿಂದ ಇಳಿದದ್ದು, ನೆರಳಿಲ್ಲದ್ದು. ಮುಖ, ಬಲೆ, ಮೀನಿನ ಮೈ ಎಲ್ಲ ಮೆತ್ತಗೆ ಕಾಣುತ್ತವೆ. ರಂಪಣಿ ಬಲೆ ಎಳೆಯುವವರ ಕೈ, ಹಗ್ಗ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಸಂಜೆ ಹಾಗಲ್ಲ. ಸೂರ್ಯನ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡೂವರೆ ನಿಮಿಷವೂ ಹಿಡಿಯುವುದಿಲ್ಲ, ಆಮೇಲೆ ಕೆಲಸಕ್ಕೆ ಬರುವ ಬೆಳಕು ಸುಮಾರು 20 ನಿಮಿಷ. ಸೂರ್ಯ ಮುಳುಗುವ ಹೊತ್ತಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ, ದಡದ ಕಡೆ ನೋಡಿ. ಎಲ್ಲರೂ ಸೂರ್ಯನನ್ನು ತೆಗೆಯುವಾಗ ಕೆಂಪು ಬೆಳಕು ಬಿದ್ದಿರುವುದು ನಿಮ್ಮ ಹಿಂದಿನ ದೋಣಿ, ಮನೆ, ಮುಖಗಳ ಮೇಲೆ. ಒಂದು ಎಚ್ಚರಿಕೆ: ಮಳೆಗಾಲದಲ್ಲಿ, ಬಂಡೆಯ ಮೇಲೆ, ಅಲೆ ಹತ್ತಿರ ಇರುವಾಗ ಈ ಸಲಹೆ ಮರೆತುಬಿಡಿ, ಸಮುದ್ರಕ್ಕೆ ಬೆನ್ನು ಕೊಡಲೇಬೇಡಿ.

ಅಳಿವೆಯಲ್ಲಿ. ಅಘನಾಶಿನಿ, ಶರಾವತಿ, ಕಾಳಿ ಸಮುದ್ರ ಸೇರುವಲ್ಲಿ ಬೆಳಕಿನಷ್ಟೇ ಉಬ್ಬರ-ಇಳಿತವೂ ಮುಖ್ಯ. ಬಳಚು (ಚಿಪ್ಪುಮೀನು) ಹೆಕ್ಕುವವರು ಇಳಿತಕ್ಕೆ ಬರುತ್ತಾರೆ, ಉಬ್ಬರಕ್ಕೆ ಹೋದರೆ ಬರೀ ನೀರು ಸಿಗುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಈ ಶನಿವಾರ ಬೆಳಿಗ್ಗೆ ಏಳಕ್ಕೆ ಕೆಸರು ಕಂಡಿದ್ದರೆ ಮುಂದಿನ ಶನಿವಾರ ಏಳಕ್ಕೆ ಅಲ್ಲಿ ನೀರು ತುಂಬಿರಬಹುದು. ಹೆಚ್ಚುಕಡಿಮೆ ಎರಡು ವಾರಕ್ಕೆ ಮತ್ತೆ ಅದೇ ಹೊತ್ತಿಗೆ ಅದೇ ಸ್ಥಿತಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ.

ಅಡಿಕೆ ತೋಟದಲ್ಲಿ. ಬಿಸಿಲಿದ್ದ ದಿನ ತೋಟ ಫೋಟೋಕ್ಕೆ ಆಗಿಬರುವುದಿಲ್ಲ. ನೆಲ ಕಪ್ಪು, ಸೋಗೆಯ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆ ಸುಣ್ಣದಷ್ಟು ಬಿಳಿ. ಎರಡನ್ನೂ ಒಟ್ಟಿಗೆ ಹಿಡಿಯಲು ಕ್ಯಾಮೆರಾಕ್ಕೆ ಆಗದು. ಮೋಡ ಮುಚ್ಚಿದ ದಿನ ಅಥವಾ ಮಳೆ ನಿಂತ ಹತ್ತು ನಿಮಿಷಕ್ಕೆ ಹೋಗಿ. ಮುಖ ಹಸಿರಾಗಿ ಕಾಣುತ್ತದೆ, ಯಾಕೆಂದರೆ ಬೆಳಕು ಎಲೆಗಳಿಂದ ಸೋಸಿ ಬರುತ್ತದೆ. ತಿದ್ದುವಾಗ 'ಟಿಂಟ್' ಅನ್ನು ಸ್ವಲ್ಪ ಗುಲಾಬಿ ಕಡೆಗೆ ಸರಿಸಿದರೆ ಮುಖ ಸರಿಹೋಗುತ್ತದೆ. ಉಂಬಳಕ್ಕೆ (ಜಿಗಣೆಗೆ) ಸುಣ್ಣವೋ ಉಪ್ಪೋ ಜೇಬಿನಲ್ಲಿರಲಿ, ಟ್ರೈಪಾಡ್ ಹಿಡಿದು ಕುಣಿಯುವುದು ತಪ್ಪುತ್ತದೆ.

ಮೀನು ಪೇಟೆಯಲ್ಲಿ. ನೀಲಿ ತಾಡಪಾಲಿನ ಕೆಳಗೆ ಎಲ್ಲವೂ ನೀಲಿ. ಬಂಗಡೆ ಚೆನ್ನಾಗಿ ಕಾಣುತ್ತದೆ, ಮನುಷ್ಯರ ಮುಖ ಹೆಣದಂತೆ ಕಾಣುತ್ತದೆ. ತಾಡಪಾಲಿನ ಅಂಚಿನಲ್ಲಿ ಕೂತವರನ್ನು ಆರಿಸಿಕೊಳ್ಳಿ, ಅಲ್ಲಿ ಬಯಲಿನ ಬೆಳಕು ಒಂದು ಮಗ್ಗುಲಿಂದ ಬೀಳುತ್ತದೆ. ಇಲ್ಲವಾದರೆ ಕಪ್ಪು-ಬಿಳುಪಿನ ಸರಣಿ ಮಾಡಿ.

ನಡುಹಗಲು ಎಲ್ಲ ಕಡೆಯೂ ಕಷ್ಟ. ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟ್ ಎರಡನೇ ವಾರದ ಸುತ್ತ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಕಣ್ಣಿನ ಗುಳಿ ಎರಡು ಕಪ್ಪು ತೂತಾಗುತ್ತವೆ. ಆ ಹೊತ್ತಿಗೆ ಒಳಗೆ ಬನ್ನಿ.

## ಹಂತ 4: ಕ್ಯಾಮೆರಾ ಹೊಂದಿಸುವುದು

ಮೊಬೈಲಿನಲ್ಲಿ ಮೊದಲ ಕೆಲಸ: 'ಬ್ಯೂಟಿ', 'ಸೀನ್ ಆಪ್ಟಿಮೈಸರ್' ತರಹದ್ದೆಲ್ಲ ಆಫ್ ಮಾಡಿ. ಅವು ಇದ್ದರೆ ತೋಟದ ಹಸಿರು ಪ್ಲಾಸ್ಟಿಕ್ ಚಾಪೆಯ ಹಸಿರಾಗುತ್ತದೆ, ಅಜ್ಜಿಯ ಕೆನ್ನೆಯ ಸುಕ್ಕು ಮಾಯವಾಗುತ್ತದೆ. ನೀವು ಹೇಳಹೊರಟದ್ದು ಆ ಸುಕ್ಕಿನಲ್ಲೇ ಇದ್ದಿದ್ದರೆ? ಗ್ರಿಡ್ ಗೆರೆ ಆನ್ ಮಾಡಿ. ಸಮುದ್ರದ ಗೆರೆ ಓರೆಯಾಗುವುದು ತಪ್ಪುತ್ತದೆ. ಮುಖ್ಯ ವಸ್ತುವಿನ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕು ಹೆಚ್ಚಿದ್ದರೆ ಸೂರ್ಯನ ಗುರುತನ್ನು ಕೆಳಗೆಳೆಯಿರಿ.

ಕ್ಯಾಮೆರಾದವರಿಗೆ ಶುರುವಿಗೆ ಎಫ್ (ಲೆನ್ಸಿನ ಕಿಂಡಿಯ ಅಳತೆ) 5.6, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ಅದರ ಮೇಲ್ಮಿತಿ 3200. ನಡೆಯುವವರಿಗೆ ಶಟರ್ (ಬೆಳಕು ಒಳಬಿಡುವ ಹೊತ್ತು) 1/250 ಸೆಕೆಂಡು, ಬಲೆ ಬೀಸುವವರಿಗೆ 1/1000. ಚಲನೆ ಬೇಕೆಂದೇ ಕಲಸಿದಂತೆ ಕಾಣಬೇಕಾದರೆ ಟ್ರೈಪಾಡ್ ಮೇಲೆ 1/15. ಮರಳಿನಲ್ಲಿ ಟ್ರೈಪಾಡ್ ಇಟ್ಟರೆ ಪ್ರತಿ ಅಲೆಯೂ ಕಾಲಿನ ಬುಡದ ಮರಳು ಕೊರೆದುಕೊಂಡು ಹೋಗುತ್ತದೆ. ಕಾಲುಗಳನ್ನು ಒಂದು ಗೇಣು ಒತ್ತಿ ಹುಗಿದು, ಎರಡು ಅಲೆ ಬಂದು ಹೋದ ಮೇಲೆ ಕ್ಲಿಕ್ ಮಾಡಿ.

ಕ್ಯಾಮೆರಾ ತಾನು ನೋಡಿದ್ದನ್ನೆಲ್ಲ ನಡುಬೂದು ಮಾಡಲು ಹೊರಡುತ್ತದೆ ಎನ್ನುವುದನ್ನು ನೆನಪಿಟ್ಟರೆ ಅರ್ಧ ತೊಂದರೆ ಮುಗಿಯಿತು. ಸಾಣಿಕಟ್ಟೆಯ ಆಗರದಲ್ಲಿ ಉಪ್ಪಿನ ರಾಶಿ ಬೂದಿಯ ರಾಶಿಯಂತೆ ಬರುತ್ತದೆ. ಅಲ್ಲಿ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) +1 ಮಾಡಿ. ಅಲೆಯ ನೊರೆಗೆ +0.7. ಮಳೆ ನೆನೆದ ಚಿರೇಕಲ್ಲಿನ ಗೋಡೆ, ಹೊಗೆ ಹಿಡಿದ ಅಡುಗೆಮನೆಗೆ ತದ್ವಿರುದ್ಧ: −0.7ರಿಂದ −1. ಇಲ್ಲದಿದ್ದರೆ ಅಡುಗೆಮನೆ ಆಸ್ಪತ್ರೆಯ ವಾರ್ಡಿನಂತೆ ಬೆಳ್ಳಗಾಗುತ್ತದೆ.

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) 'ಆಟೋ'ದಲ್ಲಿ ಬಿಡಬೇಡಿ, 'ಡೇಲೈಟ್'ಗೆ ಇಡಿ. ಆಟೋದಲ್ಲಿದ್ದರೆ ದೀಪದ ಹಳದಿಯನ್ನೂ ಮಳೆಯ ನೀಲಿಯನ್ನೂ ಅದು ತಿದ್ದಿ ಒಂದೇ ಮಾಡುತ್ತದೆ, ಹನ್ನೆರಡು ಚಿತ್ರ ಒಟ್ಟಿಗಿಟ್ಟಾಗ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ.

## ಹಂತ 5: ಹತ್ತಿರ ಹೋಗುವುದು, ಕೇಳಿ ತೆಗೆಯುವುದು

ದೂರದಿಂದ ಜೂಮ್ ಹಾಕಿ ಕದ್ದು ತೆಗೆದ ಮುಖದಲ್ಲಿ ನಿಮ್ಮ ಅಳುಕು ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. 1ಎಕ್ಸ್‌ನಲ್ಲಿ ಮುಖ ತುಂಬಬೇಕಾದರೆ ತೀರಾ ಹತ್ತಿರ ಹೋಗಬೇಕು, ಅಷ್ಟು ಹತ್ತಿರ ಹೋದ ಮೇಲೆ ಮಾತಾಡದೆ ಗತ್ಯಂತರವಿಲ್ಲ. "ಅಕ್ಕಾ, ನಿಮ್ಮ ಕೈಯದ್ದು ಒಂದು ಫೋಟೋ ತೆಗೀಲಾ?" ಎಂದು ಕೇಳಿ. ಮುಖಕ್ಕಿಂತ ಕೈ ಕೇಳುವುದು ಸುಲಭ, ಕೊಡುವುದೂ ಸುಲಭ. "ಮೊದ್ಲು ಮೀನು ತಕಣಿ, ಆಮೇಲೆ ಫೋಟೋ" ಎಂದರೆ ಮೀನು ಕೊಳ್ಳಿ. ವ್ಯಾಪಾರದ ಗದ್ದಲ ಇಳಿದ ಮೇಲೆ ಹೋಗುವುದು ಇನ್ನೂ ವಾಸಿ.

ಮುಂದಿನ ಭೇಟಿಯಲ್ಲಿ ಆ ಫೋಟೋದ ಪ್ರಿಂಟ್ ಒಯ್ದು ಕೊಡಿ. ಮೂರನೇ ಸಲಕ್ಕೆ ನಿಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಒಳ್ಳೆಯ ಚಿತ್ರಗಳು ಅಲ್ಲಿಂದ ಶುರು.

ಹಾಲಕ್ಕಿ ಹೆಂಗಸರ ಕರಿಮಣಿ ಸರ ಕಂಡ ಕೂಡಲೇ ಕ್ಯಾಮೆರಾ ಎತ್ತುವ ಚಟ ಬಹಳ ಮಂದಿಗಿದೆ. ಹೆಸರು ಕೇಳದೆ, ಮಾತಾಡದೆ ತೆಗೆದ ಅಂಥ ಫೋಟೋ ಬೇಕಾದಷ್ಟಿವೆ, ಇನ್ನೊಂದು ಬೇಡ. ಮಕ್ಕಳಾದರೆ ಮನೆಯವರನ್ನು ಕೇಳಿ. ದೇವಸ್ಥಾನದ ಒಳಗೆ ಬಾಗಿಲಲ್ಲೇ ವಿಚಾರಿಸಿ. ಕಾರವಾರದ ನೌಕಾನೆಲೆಯ ಸುತ್ತ, ಕೈಗಾ ಸ್ಥಾವರದ ಹತ್ತಿರ ಕ್ಯಾಮೆರಾ ಚೀಲದೊಳಗೇ ಇರಲಿ, ಫಲಕ ಕಾಣಲಿ ಬಿಡಲಿ. ಬಂದರಿನೊಳಗೆ ಹೋಗುವ ಮೊದಲು ಕಚೇರಿಯಲ್ಲಿ ಕೇಳಿ.

## ಹಂತ 6: ನೀವೂ ಒಂದು ಚಿತ್ರದಲ್ಲಿ ಇರಿ

ಹನ್ನೆರಡರಲ್ಲಿ ಒಂದಾದರೂ ನಿಮ್ಮದೇ ಆಗಿರಲಿ. ಸೆಲ್ಫಿ ಅಲ್ಲ, ಅದರಲ್ಲಿ ತೋಳು ಮತ್ತು ನಗು ಮಾತ್ರ ಇರುತ್ತದೆ. ನೆರಳಾಗಬಹುದು, ಬಾವಿಯ ನೀರಿನ ಪ್ರತಿಬಿಂಬವಾಗಬಹುದು, ಬೆನ್ನಾಗಬಹುದು.

ಹಂಚಿನ ಮನೆಯವರಿಗೆ ಸ್ಟುಡಿಯೋ ಮನೆಯಲ್ಲೇ ಇದೆ. ಮಾಡಿನಲ್ಲಿ ಎಲ್ಲೋ ಒಂದು ಗಾಜಿನ ಹಂಚು ಕೂಡಿಸಿರುತ್ತಾರೆ, ಅದರಿಂದ ನೆಲದ ಮೇಲೆ ಒಂದು ಚೌಕ ಬಿಸಿಲು ಬೀಳುತ್ತದೆ. ಗಮನಿಸಿ ನೋಡಿದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಹತ್ತು ಗಂಟೆಗೆ ಪಡುವಣ ಗೋಡೆಯ ಕಡೆ ಇದ್ದದ್ದು ಮಧ್ಯಾಹ್ನ ದಾಟುವ ಹೊತ್ತಿಗೆ ಮೂಡಣಕ್ಕೆ ತೆವಳಿರುತ್ತದೆ. ಅಂಚಿನಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಒಂದು ದಿನದ ಗುರುತು ಸಾಕು, ಆ ವಾರವಿಡೀ ಆ ಲೆಕ್ಕ ನಡೆಯುತ್ತದೆ.

ಎಲ್ಲರೂ ಮಾಡುವ ತಪ್ಪು ಆ ಚೌಕದೊಳಗೇ ಕೂರುವುದು. ಮೂಗು, ಹಣೆ ಬಿಳಿಯಾಗಿ ಸಿಡಿಯುತ್ತವೆ, ಉಳಿದದ್ದು ಕತ್ತಲು. ಅದರ ಬದಲು ಬಿಸಿಲಿನ ಚೌಕದ ಮೇಲೆ ಬಿಳಿ ಪಂಚೆ ಮಡಚಿ ಹಾಸಿ, ಅದರಿಂದ ಎರಡು ಅಡಿ ದೂರ, ಬಿಸಿಲಿನ ಹೊರಗೆ ಕೂರಿ. ಬಿಸಿಲು ಪಂಚೆಗೆ ಬಡಿದು ಮೆತ್ತಗಾಗಿ ಮುಖಕ್ಕೆ ಬರುತ್ತದೆ. ಬೆಳಕು ಕೆಳಗಿನಿಂದ ಬರುತ್ತಿದೆ ಅನ್ನಿಸಿದರೆ ಪಂಚೆಯ ಒಂದು ಅಂಚನ್ನು ಕುರ್ಚಿಯ ಬೆನ್ನಿಗೆ ಎತ್ತಿ ಸಿಕ್ಕಿಸಿ. ಬಣ್ಣದ ಪಂಚೆ ಹಾಸಿದರೆ ಮುಖಕ್ಕೂ ಅದೇ ಬಣ್ಣ ಹತ್ತುತ್ತದೆ.

ಫೋಕಸ್‌ಗೆ: ನೀವು ಕೂರುವ ಜಾಗದಲ್ಲಿ ಮುಖದ ಎತ್ತರಕ್ಕೆ ಬರುವಂತೆ ಪೊರಕೆಯೊಂದನ್ನು ನಿಲ್ಲಿಸಿ, ಅದರ ಮೇಲೆ ಫೋಕಸ್ ಲಾಕ್ ಮಾಡಿ, 10 ಸೆಕೆಂಡಿನ ಟೈಮರ್ ಒತ್ತಿ, ಪೊರಕೆ ತೆಗೆದು ಅದೇ ಜಾಗದಲ್ಲಿ ಕೂರಿ. ಒಂದೇ ಸಲಕ್ಕೆ ಐದಾರು ಫೋಟೋ ತೆಗೆಯುವಂತೆ ಟೈಮರ್ ಇಡಲು ಬರುವುದಾದರೆ ಹಾಗೇ ಇಡಿ. ಮೊದಲ ಎರಡರಲ್ಲಿ ಮುಖ ಬಿಗಿದಿರುತ್ತದೆ, ನಾಲ್ಕನೆಯದರ ಹೊತ್ತಿಗೆ ಬೇಸರ ಬಂದು ಸಡಿಲವಾಗಿರುತ್ತದೆ. ಆ ನಾಲ್ಕನೆಯದು ಇಟ್ಟುಕೊಳ್ಳಿ.

## ಹಂತ 7: ಮಳೆ, ಉಪ್ಪು, ಬೂಷ್ಟು

ಉಪ್ಪುಗಾಳಿಯಿಂದ ಬಂದ ದಿನ ಕ್ಯಾಮೆರಾ ಹಾಗೇ ಇಡಬೇಡಿ. ಮೊದಲು ರಬ್ಬರ್ ಬುರುಡೆಯಿಂದ ಮರಳು ಊದಿ. ಊದದೆ ಒರೆಸಿದರೆ ಮರಳಿನ ಕಣವೇ ಗಾಜಿಗೆ ಗೀರು ಹಾಕುತ್ತದೆ. ಆಮೇಲೆ ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಕೂಡಲೇ ಒಣಬಟ್ಟೆ. ಕಡಲತೀರದಲ್ಲಿ ಲೆನ್ಸ್ ಬದಲಿಸಬೇಡಿ. ಎ.ಸಿ. ಬಸ್ಸಿನಿಂದ ಇಳಿಯುವ ಮೊದಲೇ ಕ್ಯಾಮೆರಾ ಜಿಪ್ ಚೀಲದೊಳಗಿರಲಿ, ಇಳಿದ ಮೇಲೆ ಅರ್ಧ ಗಂಟೆ ಬಿಟ್ಟು ತೆರೆಯಿರಿ. ಇಲ್ಲದಿದ್ದರೆ ಗಾಜಿನ ಮೇಲೆ, ಒಳಗೂ, ಹನಿ ಕಟ್ಟುತ್ತದೆ.

ಮಳೆಗಾಲದಲ್ಲಿ ಚರ್ಮದ ಅಥವಾ ಬಟ್ಟೆಯ ಚೀಲ ಬೂಷ್ಟಿನ ತವರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗಿನ ತೇವ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ. ತೇವ ಅಳೆಯುವ ಸಣ್ಣ ಮೀಟರ್ ಡಬ್ಬಿಯೊಳಗೇ ಇಟ್ಟುಬಿಡಿ. ಜೆಲ್ ಬಣ್ಣ ಬದಲಾದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಅಕ್ಕಿಯ ಡಬ್ಬಿಯಲ್ಲಿ ಹುಗಿಯುವ ಉಪಾಯದಿಂದ ಲೆನ್ಸಿನೊಳಗೆ ಅಕ್ಕಿಪುಡಿ ಹೋಗುತ್ತದೆ, ಅಷ್ಟೇ.

ಅಪಾಯದ ಗುರುತು: ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡನ ನೂಲಿನಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ. ಉಳಿದ ಲೆನ್ಸುಗಳಿಂದ ಬೇರೆ ಇಡಿ, ರಿಪೇರಿಯವರಿಗೆ ಕೊಡಿ, ನೀವೇ ಬಿಚ್ಚಬೇಡಿ. ಫೋಟೋಗಳೆಲ್ಲ ಮಂಜು ಕವಿದಂತೆ ಬರತೊಡಗಿದರೂ ಮೊದಲು ಇದನ್ನೇ ನೋಡಿ. ಮೊಬೈಲಿನವರಿಗೆ ಆ ಮಂಜು ಹೆಚ್ಚಾಗಿ ಬೆರಳಿನ ಜಿಡ್ಡು.

## ಹಂತ 8: ಆರಿಸುವುದು

ಇಷ್ಟರಲ್ಲಿ ನಿಮ್ಮಲ್ಲಿ ಮುನ್ನೂರು ನಾನೂರು ಫೋಟೋ ಇರುತ್ತವೆ. ತೆಗೆದ ರಾತ್ರಿಯೇ ಆರಿಸಲು ಕೂರಬೇಡಿ. ಆ ಫೋಟೋಕ್ಕಾಗಿ ಪಟ್ಟ ಪಾಡು ತಲೆಯಲ್ಲಿ ಹಸಿಯಾಗಿರುತ್ತದೆ, ಕೆಸರಲ್ಲಿ ಬಿದ್ದು ತೆಗೆದದ್ದೆಲ್ಲ ಅದ್ಭುತವಾಗಿಯೇ ಕಾಣುತ್ತದೆ. ಕಡಿಮೆಯೆಂದರೆ ಹತ್ತು ದಿನ ಬಿಡಿ.

ಮೊದಲ ಸುತ್ತು ಪರದೆಯ ಮೇಲೆ, ಬೇಗ, ಒಂದಕ್ಕೆ ಎರಡು ಸೆಕೆಂಡು: ಸುಮಾರು 60 ಉಳಿಸಿ. ಎರಡನೇ ಸುತ್ತಿಗೆ ಆ 60ನ್ನೂ 4×6 ಅಳತೆಯ ಅಗ್ಗದ ಪ್ರಿಂಟ್ ಹಾಕಿಸಿ, ಜಗಲಿಯ ಮೇಲೆ ಹರಡಿ. ಇದಕ್ಕೆ ಖರ್ಚು ಮಾಡಲು ಹಿಂದೆಮುಂದೆ ನೋಡಬೇಡಿ. ಪರದೆಯಲ್ಲಿ ಒಂದಾದ ಮೇಲೊಂದು ನೋಡುವಾಗ ಕಾಣದ್ದು ನೆಲದ ಮೇಲೆ ಅಕ್ಕಪಕ್ಕ ಹರಡಿದಾಗ ಒಂದೇ ನೋಟಕ್ಕೆ ಕಾಣುತ್ತದೆ.

ಒಂದೊಂದಕ್ಕೂ ಒಂದೇ ಪ್ರಶ್ನೆ: ಇದನ್ನು ಊರಿಗೆ ಒಂದು ದಿನಕ್ಕೆ ಬಂದವರೂ ತೆಗೆಯಬಹುದಿತ್ತೇ? ಹೌದಾದರೆ ಪಕ್ಕಕ್ಕಿಡಿ, ಎಷ್ಟೇ ಚಂದವಿರಲಿ. ಮೆಟ್ಟುಗತ್ತಿಯ ಸರಣಿಯನ್ನೇ ತೆಗೆದುಕೊಳ್ಳಿ. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಸಂಜೆಬಿಸಿಲು ಬಿದ್ದ ಚಿತ್ರ ಹೋಗುತ್ತದೆ. ಅಡಿಕೆಯ ಕರೆ ಹತ್ತಿ ಕಪ್ಪಾದ ಉಗುರುಗಳು ಉಳಿಯುತ್ತವೆ. ಯಂತ್ರದ ಪಕ್ಕ ನಿಂತ ಮೊಮ್ಮಗ ಹೋಗಬಹುದು, ಯಂತ್ರದ ಸದ್ದಿಗೆ ಅಜ್ಜಿ ಕಿವಿ ಮುಚ್ಚಿಕೊಂಡದ್ದು, ಫೋಕಸ್ ತುಸು ತಪ್ಪಿದ್ದರೂ, ಉಳಿಯಬೇಕು. ಹರಿತವಾಗಿರುವುದು ಒಂದು ಗುಣ ಮಾತ್ರ. ಸರಣಿಯಲ್ಲಿ ಅದಕ್ಕೆ ಕೊನೆಯ ಸ್ಥಾನ.

60ರಿಂದ 25, 25ರಿಂದ 12. ಕೊನೆಯ ಸುತ್ತಿನಲ್ಲಿ ಒಂದೇ ಮಾತು ಹೇಳುವ ಎರಡು ಚಿತ್ರ ಉಳಿದಿರುತ್ತವೆ, ಒಂದನ್ನು ಬಿಡಲು ಕೈ ಬರುವುದಿಲ್ಲ. ಬಿಡಿ. ಎರಡೂ ಇದ್ದರೆ ನೋಡುವವರು ಎರಡನ್ನೂ ಮರೆಯುತ್ತಾರೆ.

ಅಪಾಯದ ಗುರುತು: ಹನ್ನೆರಡೂ ಒಂದೇ ದೂರದಿಂದ, ನಿಂತ ಎತ್ತರದಿಂದ ತೆಗೆದವು. ಆಗ ಮತ್ತೆ ಎರಡು ವಾರ ಹೋಗಿ ಕೂತು, ಬಗ್ಗಿ, ಅಂಗೈಯಷ್ಟು ಹತ್ತಿರದಿಂದ ತೆಗೆಯಬೇಕು.

## ಹಂತ 9: ತಿದ್ದುವುದು, ಪ್ರಿಂಟ್ ಹಾಕಿಸುವುದು

ಸ್ನ್ಯಾಪ್‌ಸೀಡ್, ಲೈಟ್‌ರೂಮ್ ಯಾವುದಾದರೂ ಸರಿ. ಕ್ರಮ: ಕತ್ತರಿಸುವುದು, ಬೆಳಕು, ವೈಟ್ ಬ್ಯಾಲೆನ್ಸ್, ಕೊನೆಗೆ ಕಾಂಟ್ರಾಸ್ಟ್. ಬಣ್ಣ ಏರಿಸುವುದಿದ್ದರೆ +10ರೊಳಗೆ. ಒಂದು ಚಿತ್ರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಮೊದಲನೆಯದನ್ನು ಪಕ್ಕದಲ್ಲಿಟ್ಟುಕೊಂಡೇ ತಿದ್ದಿ. ಪರದೆಯ ಬೆಳಕು ಅರ್ಧಕ್ಕಿರಲಿ. ಪೂರ್ತಿ ಬೆಳಕಿನಲ್ಲಿ, ರಾತ್ರಿ, ಕತ್ತಲ ಕೋಣೆಯಲ್ಲಿ ತಿದ್ದಿದವರ ಪ್ರಿಂಟುಗಳೆಲ್ಲ ಮಬ್ಬಾಗಿ ಬರುತ್ತವೆ, ಬೈಗುಳ ಸ್ಟುಡಿಯೋದವರಿಗೆ ಬೀಳುತ್ತದೆ.

ಮೊಬೈಲಿನ ಫೋಟೋ 4:3 ಆಕಾರದ್ದು, 4×6 ಮತ್ತು 8×12 ಪ್ರಿಂಟ್ 3:2 ಆಕಾರದ್ದು. ನೀವು ಕತ್ತರಿಸದೆ ಕೊಟ್ಟರೆ ಮೇಲೆ ಕೆಳಗೆ ಸೇರಿ ಒಂಬತ್ತರಲ್ಲಿ ಒಂದು ಭಾಗವನ್ನು ಯಂತ್ರ ತಾನೇ ಕತ್ತರಿಸುತ್ತದೆ. ಅಜ್ಜಿಯ ಪಾದ ಹೋಗುವುದು ಹೀಗೆ. 3:2ಕ್ಕೆ ನೀವೇ ಕತ್ತರಿಸಿ. 12 ಮೆಗಾಪಿಕ್ಸೆಲ್‌ನ 4000×3000 ಚಿತ್ರ ಆಗ 4000×2667 ಉಳಿಯುತ್ತದೆ. 8×12 ಇಂಚಿಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಬೇಕಾದದ್ದು 3600×2400, ಆದ್ದರಿಂದ ಸಾಕು. ಹೆಚ್ಚು ಕತ್ತರಿಸಿ ಹಿಗ್ಗಿಸಿದ ಚಿತ್ರಕ್ಕೆ ಸಾಲದು.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಕುಗ್ಗಿಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿ ಅಥವಾ ಪೆನ್‌ಡ್ರೈವ್ ಒಯ್ಯಿರಿ. ಕೌಂಟರಿನಲ್ಲಿ ಎರಡು ಮಾತು ತಪ್ಪದೆ ಹೇಳಿ: "ಆಟೋ ಕರೆಕ್ಷನ್ ಬೇಡ, ಮುಖ ಬೆಳ್ಳಗೆ ಮಾಡಬೇಡಿ." ಇಲ್ಲದಿದ್ದರೆ ಹೊಗೆ ಹಿಡಿದ ಅಡುಗೆಮನೆಯನ್ನು ಅವರು ಪ್ರೀತಿಯಿಂದಲೇ ಬೆಳಗಿಸಿಬಿಡುತ್ತಾರೆ. ಮೊದಲು ಒಂದೇ ಒಂದು ಚಿತ್ರ ಹಾಕಿಸಿ, ಅಂಗಡಿಯ ಹೊರಗೆ ಹಗಲಿನ ಬೆಳಕಿನಲ್ಲಿ ನೋಡಿ, ಆಮೇಲೆ ಉಳಿದ ಹನ್ನೊಂದು. ಕಾಗದ ಮ್ಯಾಟ್ ಆಗಿರಲಿ.

## ಹಂತ 10: ಸಾಲು ಜೋಡಿಸಿ ತೂಗುಹಾಕುವುದು

ತೆಗೆದ ತಾರೀಕಿನ ಕ್ರಮದಲ್ಲಿ ಜೋಡಿಸಬೇಡಿ. ಮೊದಲ ಚಿತ್ರದಲ್ಲಿ ಜಾಗ ಗೊತ್ತಾಗಲಿ, ಆದರೆ ವಿಷಯ ಪೂರ್ತಿ ಬಿಟ್ಟುಕೊಡದಿರಲಿ. ದೂರದ ನೋಟವಾದ ಮೇಲೆ ಹತ್ತಿರದ್ದು, ಮುಖವಾದ ಮೇಲೆ ಮುಖವಿಲ್ಲದ್ದು. ಅಕ್ಕಪಕ್ಕದ ಎರಡು ಚಿತ್ರಗಳಲ್ಲಿ ಒಂದು ಆಕಾರವೋ ಬಣ್ಣವೋ ಹಾದುಹೋಗಲಿ: ಮೆಟ್ಟುಗತ್ತಿಯ ಬಾಗಿದ ಅಲಗು, ಪಕ್ಕದಲ್ಲಿ ಅಜ್ಜಿಯ ಬಾಗಿದ ಬೆನ್ನು. ನಿಮ್ಮ ಸ್ವಂತ ಚಿತ್ರವನ್ನು ಮೊದಲಿಗೂ ಕೊನೆಗೂ ಇಡಬೇಡಿ, ಎಂಟು ಒಂಬತ್ತನೇ ಜಾಗ ಸರಿ. ನಾಲ್ಕು ದಿನ ಗೋಡೆಗೆ ಟೇಪಿನಲ್ಲಿ ಅಂಟಿಸಿಟ್ಟು ಓಡಾಡುವಾಗ ನೋಡಿ. ಯಾವ ಜಾಗದಲ್ಲಿ ಕಣ್ಣು ಜಾರುತ್ತದೋ ಅಲ್ಲಿ ಅದಲುಬದಲು ಮಾಡಿ.

ಅಡಿಬರಹಕ್ಕೆ ಊರು, ತಿಂಗಳು, ವರ್ಷ, ಕಂಡದ್ದೇನು, ಇಷ್ಟೇ. 'ಮೆಟ್ಟುಗತ್ತಿ, ಅಡುಗೆಮನೆಯ ಮೂಲೆ, ಜನವರಿ' ಎಂದಿದ್ದರೆ ಸಾಕು. 'ಕಾಲದ ಮೌನ ಸಾಕ್ಷಿ' ಎಂದು ಬರೆಯಲು ಕೈ ತುರಿಸಿದರೆ ಪೆನ್ನಿಗೆ ಮುಚ್ಚಳ ಹಾಕಿ.

ಫ್ರೇಮ್ ಹಾಕಿಸುವಾಗ ಪ್ರಿಂಟಿಗೂ ಗಾಜಿಗೂ ನಡುವೆ ದಪ್ಪ ರಟ್ಟಿನ ಮೌಂಟ್ ಇರಲೇಬೇಕು. ಜುಲೈ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿದರೆ ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ಮಳೆ ಹೊಡೆಯುವ ಕಡೆಯ ಹೊರಗೋಡೆ ಬೇಡ, ಒಳಗೋಡೆಗೆ ತೂಗುಹಾಕಿ. ಫ್ರೇಮಿನ ಹಿಂದಿನ ನಾಲ್ಕು ಮೂಲೆಗೂ ಬಾಟಲಿಯ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಒಂದು ಬೆರಳು ಗಾಳಿ ಆಡುತ್ತದೆ.